ಐಸ್ ಹಾಕಿಯಲ್ಲಿ ತಡವಾಗಿ ಅವಕಾಶ ಸಿಕ್ಕ ಗೋಲ್‌ಕೀಪರ್ ದೊಡ್ಡ ಹೆಸರು ಮಾಡಬಹುದಾ?

ಖಂಡಿತ ಮಾಡಬಹುದು. ಡಾಮಿನಿಕ್ ಹಾಶೆಕ್ ಅವರನ್ನೇ ನೋಡಿ. 1983ರಲ್ಲಿ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಶಿಕಾಗೊ ತಂಡ ಈ ಜೆಕ್ ಹುಡುಗನನ್ನು ಆರಿಸಿಕೊಂಡಿದ್ದು ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) 10ನೇ ಸುತ್ತಿನಲ್ಲಿ. ಅಮೆರಿಕಕ್ಕೆ ಹೋಗಿದ್ದು 1990ರಲ್ಲಿ. ಅಲ್ಲಿ ಮುಖ್ಯ ಗೋಲ್‌ಕೀಪರ್ ಆಗಿ ಎಡ್ ಬೆಲ್ಫೋರ್ ಇದ್ದಿದ್ದರಿಂದ ಬೆಂಚ್ ಮೇಲೆ ಕೂತಿದ್ದೇ ಜಾಸ್ತಿ. 1992ರಲ್ಲಿ ಬಫಲೊ ತಂಡ ಸೇರಿದಾಗ ವಯಸ್ಸು 27.

ಅಲ್ಲಿಂದ ಕಥೆಯೇ ಬೇರೆ. ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿ 6 ಸಲ ಬಂತು. ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಸಿಗುವ ಹಾರ್ಟ್ ಟ್ರೋಫಿ 1997, 1998ರಲ್ಲಿ ಸತತ ಎರಡು ಸಲ. ಗೋಲ್‌ಕೀಪರ್‌ಗಳಲ್ಲಿ ಇದನ್ನು ಎರಡು ಸಲ ಗೆದ್ದವರು ಇವರೊಬ್ಬರೇ.

ಆಡುವ ರೀತಿಯಂತೂ ಯಾವ ಕೋಚೂ ಹೇಳಿಕೊಡುವಂಥದ್ದಲ್ಲ. ಮಂಜಿನ ಮೇಲೆ ಅಂಗಾತ ಬಿದ್ದು ಕಾಲೆತ್ತಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಡೆಯುತ್ತಿದ್ದರು. ಎಷ್ಟೋ ಸಲ ಸ್ಟಿಕ್ ಬಿಸಾಡಿ ಕೈಯಲ್ಲೇ ಪಕ್ ಹಿಡಿದುಬಿಡುತ್ತಿದ್ದರು!

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು 1998ರ ನಾಗಾನೊ ಒಲಿಂಪಿಕ್ಸ್. ಸೆಮಿಫೈನಲ್ ಶೂಟೌಟ್‌ನಲ್ಲಿ ಕೆನಡಾದ ಐವರಲ್ಲಿ ಒಬ್ಬರಿಗೂ ಗೋಲು ಬಿಡಲಿಲ್ಲ. ಫೈನಲ್‌ನಲ್ಲಿ ರಷ್ಯಾ ವಿರುದ್ಧ 1-0 ಗೆಲುವು, ಚಿನ್ನ.

ಡೆಟ್ರಾಯಿಟ್ ತಂಡದಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ ತಂಡಕ್ಕೆ ಕೊಡುವ ಸ್ಟ್ಯಾನ್ಲಿ ಕಪ್ ಮೊದಲ ಸಲ ಸಿಕ್ಕಿದ್ದು 2002ರಲ್ಲಿ, 37ನೇ ವಯಸ್ಸಿಗೆ. 2008ರಲ್ಲಿ ಮತ್ತೊಂದು. ಅದಾದ ಮೇಲೂ ಯುರೋಪಿಗೆ ಮರಳಿ ಆಡಿದರು.