ಅಂತೆಗಳ ಸಂತೆಯಲ್ಲಿ ಒಂದು ಹಾವುಗೂದಲು

ಪ್ರಿಯ ಮಿತ್ರರೇ,

‘ಕಡೆಗಣಿಸಲ್ಪಟ್ಟ ಗಾರ್ಗನ್: ಅಭಿಮಾನಿಗಳು ಏನಂತಾರೆ?’ ಎಂಬ ನಿಮ್ಮ ಲೇಖನ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಕ್ಷಮೆಯಿರಲಿ. ಕಾಗುಣಿತ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ, ಕೇಳಿದ ಅಳತೆ ಮೀರಿಲ್ಲ. ನನ್ನ ಮೇಜಿಗೆ ಬರುವ ಹತ್ತು ಲೇಖನಗಳಲ್ಲಿ ಎಂಟಕ್ಕೆ ಈ ಭಾಗ್ಯ ಇರುವುದಿಲ್ಲ. ಸಂತೋಷ. ಆದರೂ ಇದನ್ನು ಹೀಗೇ ಹಾಕಲಾರೆ.

ಒಂದು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ನಿಮ್ಮ ಲೇಖನ ನನಗೆ ಸಿಟ್ಟು ತರಿಸಿತು, ಅದಕ್ಕೇ ಈ ಉದ್ದದ ಪತ್ರ. ಈಗೀಗ ಬರುವ ಬರಹಗಳು ಸಿಟ್ಟನ್ನೂ ತರಿಸುವುದಿಲ್ಲ, ಆಕಳಿಕೆ ತರಿಸುತ್ತವೆ. ನಿಮ್ಮದನ್ನು ಓದಿದ ರಾತ್ರಿಯೇ ಸಿನಿಮಾ ಹುಡುಕಿ ನೋಡಿದೆ. ಮಾರನೆಯ ದಿನ ಇನ್ನೊಮ್ಮೆ ನೋಡಿದೆ. ಎಂಬತ್ತಮೂರೇ ನಿಮಿಷ, ನಷ್ಟವೇನಿಲ್ಲ.

ಈ ಅಂಕಣ ಓದುವ ಬೇರೆಯವರಿಗಾಗಿ ಎರಡು ಮಾತು. ‘ದಿ ಗಾರ್ಗನ್’ 1964ರಲ್ಲಿ ಬಂದ ಬ್ರಿಟಿಷ್ ಚಿತ್ರ. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ಚಿತ್ರಗಳಿಂದ ಹೆಸರಾದ ಹ್ಯಾಮರ್ ಕಂಪನಿಯದು, ನಿರ್ದೇಶಕ ಟೆರೆನ್ಸ್ ಫಿಶರ್. ವಾಂಡೋರ್ಫ್ ಎಂಬ ಹಳ್ಳಿ, ಪಾಳುಬಿದ್ದ ಬೋರ್ಸ್ಕಿ ಕೋಟೆ, ಒಬ್ಬೊಬ್ಬರಾಗಿ ಕಲ್ಲಾಗುತ್ತಿರುವ ಜನ. ಗ್ರೀಕ್ ಪುರಾಣದ ಹಾವುಗೂದಲಿನ ರಾಕ್ಷಸಿ ಗಾರ್ಗನ್ ಊರಿನಲ್ಲೇ ಇರುವ ಯಾವುದೋ ಹೆಣ್ಣಿನೊಳಗೆ ಸೇರಿಕೊಂಡಿದ್ದಾಳೆ. ಅವಳ ಮುಖ ನೋಡಿದವರಿಗೆ ಉಳಿಗಾಲವಿಲ್ಲ. ಡಾಕ್ಟರ್ ನಮರಾಫ್‌ಗೆ ಅವಳು ಯಾರೆಂದು ಗೊತ್ತು. ಪ್ರೀತಿಯ ಕಾರಣಕ್ಕೆ ಬಾಯಿ ಬಿಡುವುದಿಲ್ಲ. ಇಂಥ ಪಾಳುಕೋಟೆ, ಶಾಪಗಳ ಭಯದ ಕಥೆಗೆ ಗಾಥಿಕ್ ಎನ್ನುತ್ತಾರೆ. ಇಷ್ಟು ಸಾಕು.

ಈಗ ನಿಮ್ಮ ಮೊದಲ ವಾಕ್ಯ: ‘ದಿ ಗಾರ್ಗನ್ ಅತ್ಯಂತ ಅಂಡರ್‌ರೇಟೆಡ್ ಗಾಥಿಕ್ ಚಿತ್ರಗಳಲ್ಲಿ ಒಂದಾಗಿದೆ ಎಂದು ಅನೇಕ ಅಭಿಮಾನಿಗಳು ಅಭಿಪ್ರಾಯಪಡುತ್ತಾರೆ.’

‘ಒಂದಾಗಿದೆ’ಯನ್ನು ಇವತ್ತಿಗೆ ಕ್ಷಮಿಸಿದ್ದೇನೆ. ಯಾವುದರ ಜೊತೆ ಒಂದಾಯಿತು ಎಂದು ಕೇಳುವುದಿಲ್ಲ. ನನ್ನ ತಕರಾರು ‘ಅನೇಕ ಅಭಿಮಾನಿಗಳು’ ಎಂಬ ಗುಂಪಿನ ಮೇಲೆ. ಇವರು ಯಾರು? ಎರಡನೆಯ ಪ್ಯಾರಾದಲ್ಲಿ ‘ಕೆಲವರ ಪ್ರಕಾರ’ ಎಂದು ಬರುತ್ತಾರೆ, ಮೂರನೆಯದರಲ್ಲಿ ‘ಎನ್ನಲಾಗಿದೆ’ ಎಂದು ಅಡಗುತ್ತಾರೆ, ನಾಲ್ಕರಲ್ಲಿ ‘ಹಲವರ ಅಂಬೋಣ’ ಎಂದು ಧೋತ್ರ ಉಟ್ಟು ಬರುತ್ತಾರೆ. ಪೆನ್ಸಿಲ್ ಹಿಡಿದು ಎಣಿಸಿದೆ. ಇಂಥವು ಇಪ್ಪತ್ತಮೂರು. ‘ನಾನು’ ಒಂದೇ ಒಂದು ಸಲ, ಅದೂ ಕಂಸದೊಳಗೆ. ಅದರ ಮಾತು ಆಮೇಲೆ.

ಕೇಳಿದ್ದನ್ನು ಹೇಳುವುದಕ್ಕೆ ನಮ್ಮ ಭಾಷೆಯಲ್ಲಿ ಒಂದು ಪುಟ್ಟ ಪ್ರತ್ಯಯವೇ ಇದೆ. ‘ಮಳೆ ಬಂತು’ ಅಂದರೆ ನಾನು ನೆನೆದಿದ್ದೇನೆ. ‘ಮಳೆ ಬಂತಂತೆ’ ಅಂದರೆ ನನ್ನ ಅಂಗಿ ಒಣಗಿದೆ. ಎಷ್ಟು ಪ್ರಾಮಾಣಿಕವಾದ ಏರ್ಪಾಡು ನೋಡಿ. ನೀವು ಪತ್ರಿಕೆಯ ಗತ್ತಿಗಾಗಿ ‘ಅಂತೆ’ಯನ್ನು ‘ಎನ್ನಲಾಗಿದೆ’ ಮಾಡಿ ಇಸ್ತ್ರಿ ಹಾಕಿದ್ದೀರಿ. ಒಳಗಿರುವುದು ಅದೇ ಅಂತೆ. ನಿಮ್ಮ ಲೇಖನದ ಅಷ್ಟೂ ‘ಎನ್ನಲಾಗಿದೆ’ಗಳನ್ನು ‘ಅಂತೆ’ ಮಾಡಿ ಒಮ್ಮೆ ಗಟ್ಟಿಯಾಗಿ ಓದಿ: ಸಿನಿಮಾ ಚೆನ್ನಾಗಿದೆಯಂತೆ, ಸಂಗೀತ ಅದ್ಭುತವಂತೆ, ಹಾವು ಕಳಪೆಯಂತೆ. ಯಾವ ಅಭಿಮಾನಿಯೂ ಹೀಗೆ ಮಾತಾಡುವುದಿಲ್ಲ. ಅವನು ಮೇಜು ಕುಟ್ಟುತ್ತಾನೆ.

ಮೂರನೆಯ ಪ್ಯಾರಾದ ಈ ಸಾಲಿಗೆ ಬಂದಾಗ ನಾನು ಕನ್ನಡಕ ತೆಗೆದಿಟ್ಟೆ: ‘ಪ್ರೊಫೆಸರ್ ಹೈಟ್ಸ್ ಕಲ್ಲಾಗುವ ದೃಶ್ಯ ಮೈ ಜುಮ್ಮೆನಿಸುತ್ತದೆ ಎನ್ನಲಾಗುತ್ತದೆ.’

ಯಾರ ಮೈ ಸ್ವಾಮಿ? ಮೈ ಜುಮ್ಮೆನ್ನುವುದನ್ನೂ ಎರವಲು ತರುತ್ತಾರೆಯೇ? ನೀವು ನೋಡಿದಿರಲ್ಲ, ನಿಮ್ಮ ಮೈ ಏನಂದಿತು?

ಆ ದೃಶ್ಯವನ್ನು ನಾನು ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮುದುಕ ಗಾರ್ಗನ್‌ಳ ಮುಖ ನೋಡಿಬಿಟ್ಟಿದ್ದಾನೆ. ಗ್ರೀಕ್ ಕಥೆಯ ಪ್ರಕಾರ ಅಲ್ಲೇ, ಆ ಕ್ಷಣವೇ ಕಲ್ಲಾಗಬೇಕು. ಇಲ್ಲಿ ಹಾಗಾಗುವುದಿಲ್ಲ. ಕಲ್ಲು ನಿಧಾನವಾಗಿ ಏರುತ್ತದೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿದೆ, ಮೈ ಮರಗಟ್ಟುತ್ತಿದೆ, ಆತ ಮನೆಗೆ ಬಂದು ಕೂತು ಮಗ ಪಾಲ್‌ಗೆ ಕಾಗದ ಬರೆಯುತ್ತಾನೆ. ತನಗೆ ಏನಾಗುತ್ತಿದೆ ಎಂಬುದನ್ನೇ ಬರೆಯುತ್ತಾನೆ. ಪ್ರೊಫೆಸರ್ ತಾನೇ, ಸಾಯುವಾಗಲೂ ಟಿಪ್ಪಣಿ ಮಾಡಿಕೊಳ್ಳುವ ಜಾತಿ. ಇಡೀ ಚಿತ್ರದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಹಾವಲ್ಲ, ಕೋಟೆಯಲ್ಲ, ಆ ಪೆನ್ನು. ಕೈ ಮೊದಲು ಗಟ್ಟಿಯಾಗುತ್ತದೋ ವಾಕ್ಯ ಮೊದಲು ಮುಗಿಯುತ್ತದೋ ಎಂಬ ಪಂದ್ಯ. ಬರೆಯುವವರಾದ ನಿಮಗೆ ಅದು ತಾಗಲಿಲ್ಲವೆಂದರೆ ನಾನು ನಂಬುವುದಿಲ್ಲ. ತಾಗಿದೆ, ಬರೆಯಲು ಹೆದರಿದ್ದೀರಿ.

ಅದೇ ಪ್ಯಾರಾದಲ್ಲಿ ‘ನಮ್ಮ ಅಹಲ್ಯೆಯಂತೆ’ ಎಂದಿದ್ದೀರಿ. ಆ ಎರಡು ಪದ ಹೊಡೆದುಹಾಕಿದ್ದೇನೆ. ಕಲ್ಲು ಅಂದ ಕೂಡಲೇ ಅಹಲ್ಯೆಯನ್ನು ಎಳೆದು ತರುವುದು ನಮಗೆಲ್ಲ ಅಭ್ಯಾಸವಾಗಿದೆ. ವಾಲ್ಮೀಕಿಯ ಬಾಲಕಾಂಡ ತೆಗೆದು ನೋಡಿ, ಅಲ್ಲಿ ಅವಳು ಕಲ್ಲಾಗುವುದೇ ಇಲ್ಲ. ಗಾಳಿ ಉಂಡು, ಬೂದಿಯಲ್ಲಿ ಮಲಗಿ, ಯಾರ ಕಣ್ಣಿಗೂ ಬೀಳದೆ ಇರುತ್ತಾಳೆ. ಕಲ್ಲಾದದ್ದು ಆಮೇಲಿನವರ ಕಥೆಗಳಲ್ಲಿ. ಆ ಕಥೆಗಳಲ್ಲೂ ಅವಳಿಗೆ ಬಿಡುಗಡೆಯಿದೆ, ವಾಂಡೋರ್ಫ್‌ನಲ್ಲಿ ಕಲ್ಲಾದವರಿಗೆ ಯಾವ ರಾಮನೂ ಬರುವುದಿಲ್ಲ. ಹೋಲಿಸಲೇಬೇಕೆಂದರೆ ಹೀಗೆ ಹೋಲಿಸಿ: ಒಬ್ಬಳು ಯಾರಿಗೂ ಕಾಣದಿರುವ ಶಾಪದವಳು, ಇನ್ನೊಬ್ಬಳು ಕಂಡರೆ ಕೊಲ್ಲುವ ಶಾಪದವಳು. ಅದರಲ್ಲಿ ಏನೋ ಇದೆ. ‘ನಮ್ಮ ಅಹಲ್ಯೆಯಂತೆ’ಯಲ್ಲಿ ಏನೂ ಇಲ್ಲ.

ಇನ್ನು ಹಾವಿನ ವಿಚಾರ. ‘ಹಾವುಗಳು ಕಳಪೆ ಎಂದು ಕೆಲವರು ಟೀಕಿಸಿದರೆ, ಅದು ಆ ಕಾಲದ ಮಿತಿ ಎಂದು ಇನ್ನು ಕೆಲವರು ಸಮರ್ಥಿಸುತ್ತಾರೆ.’ ಅವರು ಹಾಗೆ, ಇವರು ಹೀಗೆ, ನಡುವೆ ನೀವು ಪಂಚಾಯಿತಿ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದೀರಿ. ತೀರ್ಪು ಇಲ್ಲ. ನನ್ನ ಹೆಂಡತಿ ಕಾಫಿ ಲೋಟ ಇಡಲು ಬಂದವಳು ಲ್ಯಾಪ್‌ಟಾಪಿನ ಮೇಲೊಂದು ಕಣ್ಣು ಹಾಯಿಸಿ, “ಜಾತ್ರೇಲಿ ಮಾರೋ ಮರದ ಹಾವೇ ಇದಕ್ಕಿಂತ ವಾಸಿ ಕಣ್ರೀ, ಅದು ಬಳುಕಾದರೂ ಬಳುಕುತ್ತೆ” ಅಂದು ಹೋದಳು. ನೀವು ಮುನ್ನೂರು ಪದದಲ್ಲಿ ಮಾಡದಿದ್ದ ಕೆಲಸವನ್ನು ಅವಳು ಒಂದು ವಾಕ್ಯದಲ್ಲಿ ಮಾಡಿದಳು, ಸಿನಿಮಾ ಪೂರ್ತಿ ನೋಡದೆಯೇ!

ಇಷ್ಟು ಬರೆಯುವಾಗ ನನಗೆ ನನ್ನದೇ ಒಂದು ನಾಚಿಕೆಗೇಡು ನೆನಪಾಗುತ್ತಿದೆ. ಹೇಳಿಬಿಡುತ್ತೇನೆ.

ಬೆಂಗಳೂರಿನ ವಾರಪತ್ರಿಕೆಯೊಂದಕ್ಕೆ ಆಗಷ್ಟೇ ಸೇರಿದ್ದೆ. ವಯಸ್ಸು ಇಪ್ಪತ್ತೆರಡು. ಗಾಂಧಿನಗರದ ಚಿತ್ರಮಂದಿರವೊಂದಕ್ಕೆ ವಿಮರ್ಶೆಗೆಂದು ಕಳಿಸಿದರು. ದಾರಿಯಲ್ಲಿ ಗೆಳೆಯ ಸಿಕ್ಕ, ಮಸಾಲೆ ದೋಸೆ ಆಯಿತು, ಬೈಟು ಕಾಫಿ ಆಯಿತು, ನಾನು ಒಳಗೆ ಹೋಗುವಾಗ ಇಂಟರ್‌ವಲ್ ಬಿಟ್ಟಿತ್ತು. ಧೈರ್ಯಗೆಡಲಿಲ್ಲ. ಬೋಂಡಾ ಕೌಂಟರ್ ಹತ್ತಿರ ನಿಂತು ನಾಲ್ಕು ಜನರನ್ನು ಕೇಳಿದೆ, ಹೊರಗೆ ಬರುವಾಗ ಸೈಕಲ್ ಸ್ಟ್ಯಾಂಡಿನ ಹುಡುಗನನ್ನೂ ಬಿಡಲಿಲ್ಲ. ‘ಪ್ರೇಕ್ಷಕರು ಮೊದಲರ್ಧವನ್ನು ಮೆಚ್ಚಿಕೊಂಡಿದ್ದಾರೆ’ ಎಂದು ಗಂಭೀರವಾಗಿ ಬರೆದುಕೊಟ್ಟೆ.

ಗ್ಯಾಲಿ ಪ್ರೂಫ್ ನನ್ನ ಮೇಜಿಗೆ ವಾಪಸ್ ಬಂತು. ಹಿರಿಯ ಉಪಸಂಪಾದಕರು ‘ಪ್ರೇಕ್ಷಕರು’ ಇದ್ದಲ್ಲೆಲ್ಲ ನೀಲಿ ಪೆನ್ಸಿಲಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಬರೆದಿದ್ದರು: ‘ಹೆಸರು? ಊರು? ಎಷ್ಟನೇ ಸಾಲು?’ ಮಾತಾಡದೆ ಟಿಕೆಟಿನ ಚೂರು ಕೇಳಿದರು. ಕೊಟ್ಟೆ. ಅದನ್ನು ಬೆರಳಲ್ಲಿ ತಿರುಗಿಸುತ್ತಾ, “ನೀನು ಎಲ್ಲಿ ಕೂತಿದ್ದೆ?” ಅಂದರು. ಬಾಲ್ಕನಿ ಅಂದೆ. “ಮೊದಲರ್ಧದಲ್ಲಿ?” ನನ್ನ ಬಾಯಿ ಒಣಗಿತು. “ಇವತ್ತು ಸೆಕೆಂಡ್ ಶೋಗೆ ಹೋಗು. ನಿನ್ನ ದುಡ್ಡಲ್ಲಿ. ಇಂಟರ್‌ವಲ್ ಬೆಲ್ ಹೊಡೆದ ತಕ್ಷಣ ಎದ್ದು ಬಾ.”

ಹೋದೆ. ಆ ಮೊದಲರ್ಧದಲ್ಲಿ, ಮಗ ಮನೆ ಬಿಟ್ಟು ಹೋದ ಸುದ್ದಿ ಕೇಳಿದ ತಾಯಿ ಒಲೆಯ ಮುಂದೆ ಕೂತಿರುತ್ತಾಳೆ. ಹಾಲು ಉಕ್ಕುತ್ತದೆ. ಅವಳು ಇಳಿಸುವುದಿಲ್ಲ, ಉಕ್ಕಿ ಒಲೆ ಆರುವವರೆಗೂ ನೋಡುತ್ತಲೇ ಇರುತ್ತಾಳೆ. ನಾನು ಕೇಳಿದ ಐವರಲ್ಲಿ ಒಬ್ಬರೂ ಆ ಹಾಲಿನ ಮಾತೆತ್ತಿರಲಿಲ್ಲ. ಎತ್ತದಿದ್ದದ್ದು ಅವರ ತಪ್ಪಲ್ಲ, ಅವರು ಬೋಂಡಾ ತಿನ್ನುತ್ತಿದ್ದರು. ರಾತ್ರಿಯೆಲ್ಲ ಕೂತು ಮತ್ತೆ ಬರೆದೆ. ಅಷ್ಟರಲ್ಲಿ ಆ ಜಾಗಕ್ಕೆ ಸೀರೆ ಅಂಗಡಿಯ ಜಾಹೀರಾತು ಬಂದಿತ್ತು. ವಿಮರ್ಶೆ ಅಚ್ಚಾಗಲೇ ಇಲ್ಲ.

ಇರಲಿ, ಹಾವಿಗೆ ಬರೋಣ. ಲೇಖನದ ಕೊನೆಯಲ್ಲೆಲ್ಲೋ ಒಂದು ಸಾಲಿದೆ: ‘ನಟಿ ಬಾರ್ಬರಾ ಶೆಲ್ಲಿ ನಿಜವಾದ ಹಾವುಗಳನ್ನು ಬಳಸಲು ಸೂಚಿಸಿದ್ದರು ಎನ್ನಲಾಗಿದೆ.’ ಅಯ್ಯಾ, ಇದನ್ನು ಬಾಲಕ್ಕೆ ಕಟ್ಟುತ್ತಾರೆಯೇ? ಶಾಪ ಹೊತ್ತ ಕಾರ್ಲಾಳ ಪಾತ್ರ ಶೆಲ್ಲಿಯದು. ಗಾರ್ಗನ್ ಕೂಡ ತಾನೇ ಆಗುತ್ತೇನೆ, ವಿಗ್ಗಿನಲ್ಲಿ ಜೀವಂತ ಹಾವು ಬಿಡಿ, ನಿರುಪದ್ರವಿ ಹಾವಾದರೆ ಸಾಕು ಅಂದವಳು ಆಕೆ. ನಿರ್ಮಾಪಕರು ಒಪ್ಪಲಿಲ್ಲ. ಗಾರ್ಗನ್ ವೇಷ ಪ್ರುಡೆನ್ಸ್ ಹೈಮನ್ ಎಂಬ ಇನ್ನೊಬ್ಬರಿಗೆ ಹೋಯಿತು, ತಲೆಗೆ ರಬ್ಬರ್ ಹಾವುಗಳು ಬಂದವು. ‘ಎನ್ನಲಾಗಿದೆ’ ಬೇಕಿಲ್ಲ. ಶೆಲ್ಲಿಯೇ ಸಂದರ್ಶನಗಳಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ಹೇಳಿದವರ ಹೆಸರು ಗೊತ್ತಿದ್ದಾಗಲೂ ಅದನ್ನು ಮುಚ್ಚಿಡುವುದು ಯಾವ ವಿನಯ?

ಇಲ್ಲಿ ನಿಮ್ಮ ಅಭಿಮಾನಿಗಳೆಲ್ಲ ಒಂದು ಕಡೆ: ಶೆಲ್ಲಿಯೇ ಮಾಡಬೇಕಿತ್ತು, ಆಗ ಚಿತ್ರ ಎಲ್ಲೋ ಹೋಗುತ್ತಿತ್ತು. ಮೊದಲ ಸಲ ನೋಡಿದಾಗ ನನಗೂ ಹಾಗೇ ಅನಿಸಿತು. ಎರಡನೆಯ ಸಲ ಮನಸ್ಸು ಬದಲಾಯಿತು. ಕಾರ್ಲಾಳಿಗೆ ತಾನು ಏನೆಂದು ಗೊತ್ತಿಲ್ಲ. ಹುಣ್ಣಿಮೆ ಬರುತ್ತದೆ, ನೆನಪು ಹೋಗುತ್ತದೆ, ಬೆಳಗಾದರೆ ಊರಲ್ಲಿ ಇನ್ನೊಂದು ಕಲ್ಲಿನ ಹೆಣ. ಕೋಟೆಯ ಕಂಬಗಳ ನಡುವೆ ನಿಂತ ಆ ಹಸಿರು ಮುಖ ಅವಳದಲ್ಲ. ಅವಳ ಮೈಯನ್ನು ಬಾಡಿಗೆಗೆ ಹಿಡಿದವಳದು. ಬೇರೆ ಮುಖ ಇರುವುದರಿಂದಲೇ ಕಡೆಯ ದೃಶ್ಯ ಎದೆಗೆ ನಾಟುತ್ತದೆ: ಕತ್ತಿಯ ಏಟಿಗೆ ಉರುಳಿದ ತಲೆ ನಿಧಾನವಾಗಿ ಕಾರ್ಲಾಳ ಮುಖವಾಗುತ್ತದೆ, ಅವಳನ್ನು ಪ್ರೀತಿಸಿದ ಪಾಲ್ ಕಲ್ಲಾಗುತ್ತಲೇ ಅದನ್ನು ನೋಡುತ್ತಾನೆ. ಮೊದಲಿನಿಂದಲೂ ಶೆಲ್ಲಿಯ ಮುಖವೇ ಇದ್ದಿದ್ದರೆ ಅಲ್ಲಿ ಬದಲಾಗಲು ಏನು ಉಳಿಯುತ್ತಿತ್ತು? ರಬ್ಬರ್ ಹಾವು ಕೆಟ್ಟದ್ದು, ಎರಡು ಮುಖ ಸರಿ. ಇದು ನನ್ನ ತೀರ್ಪು. ತಪ್ಪಿರಬಹುದು, ಬಂದು ಜಗಳವಾಡಿ. ನಿಮ್ಮ ಇಪ್ಪತ್ತಮೂರು ಅಂತೆಗಳ ಜೊತೆ ಜಗಳವಾಡಲು ನನಗೆ ಯಾರೂ ಸಿಗುತ್ತಿಲ್ಲ.

ಹ್ಯಾಮರ್‌ನ ಖಾಯಂ ನಟರಲ್ಲಿ ಪೀಟರ್ ಕುಶಿಂಗ್ (ಇಲ್ಲಿ ನಮರಾಫ್) ಖಳನಾಗಿ, ಕ್ರಿಸ್ಟಫರ್ ಲೀ ಒಳ್ಳೆಯವನಾಗಿ ಪಾತ್ರ ಅದಲುಬದಲಾದ ಬಗ್ಗೆ ನೀವು ಬರೆದ ಎರಡು ಪ್ಯಾರಾ ಬೇಕಾಗಿಲ್ಲ. ಗೊತ್ತಿದ್ದವರಿಗೆ ಗೊತ್ತು. ಚಿತ್ರದ ಗಾರ್ಗನ್‌ಗೆ ಇಟ್ಟ ಮೆಗೇರಾ ಎಂಬ ಹೆಸರು ಗ್ರೀಕರಲ್ಲಿ ಗಾರ್ಗನ್‌ಳದಲ್ಲ, ಸೇಡಿನ ದೇವತೆಯೊಬ್ಬಳದು ಎಂದು ಹಿಡಿದಿದ್ದೀರಿ. ಒಳ್ಳೆಯದು, ಒಂದು ಸಾಲಿನಲ್ಲಿ ಇರಲಿ.

ಕೊಳದ ದೃಶ್ಯದ ಬಗ್ಗೆ ಒಂದು ಮಾತು. ಪಾಲ್ ಗಾರ್ಗನ್‌ಳನ್ನು ನೇರವಾಗಿ ನೋಡುವುದಿಲ್ಲ, ನೀರಿನಲ್ಲಿ ಅವಳ ಬಿಂಬ ನೋಡುತ್ತಾನೆ. ಜೀವ ಉಳಿಯುತ್ತದೆ, ಕೂದಲು ನರೆಯುತ್ತದೆ. ನೀವೂ ಸಿನಿಮಾವನ್ನು ಹೀಗೇ ಬೇರೆಯವರ ಕಣ್ಣಿನ ನೀರಿನಲ್ಲಿ ನೋಡಿದ್ದೀರಿ ಎಂದು ಬರೆಯಲು ಹೊರಟಿದ್ದೆ. ಅಗ್ಗದ ಮಾತು, ಬಿಟ್ಟೆ. ಆದರೆ ಆ ದೃಶ್ಯದ ಪಕ್ಕದಲ್ಲೇ ನಿಮ್ಮ ಕಂಸ ಇದೆ: ‘(ರಾತ್ರಿ ಒಂದೂವರೆಗೆ ನೋಡಿ ಮುಗಿಸಿದ ಮೇಲೆ ನಾನು ಕನ್ನಡಿ ಇರುವ ಬಚ್ಚಲುಮನೆಗೆ ಹೋಗಲು ಸ್ವಲ್ಪ ಹಿಂಜರಿದೆ.)’

ಇಡೀ ಲೇಖನದಲ್ಲಿ ನಾನು ಗೆರೆ ಎಳೆಯದ ವಾಕ್ಯ ಇದೊಂದೇ. ‘ಸ್ವಲ್ಪ’ ತೆಗೆಯಿರಿ. ಕಂಸ ತೆಗೆಯಿರಿ. ಇದನ್ನು ಮೊದಲ ಸಾಲು ಮಾಡಿ ಮುಂದಿನ ತಿಂಗಳ ಐದರೊಳಗೆ ಆರುನೂರು ಪದ ಕಳಿಸಿ. ಅಭಿಮಾನಿಗಳು ಬೇಕಿದ್ದರೆ ಇಬ್ಬರು ಇರಲಿ, ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದವರು. ಮತ್ತೆ ಆ ರಾತ್ರಿ ಕೊನೆಗೂ ಬಚ್ಚಲಿಗೆ ಹೋದಿರೋ, ಬೆಳಗಿನವರೆಗೆ ತಡೆದುಕೊಂಡಿರೋ, ಅದನ್ನೂ ಬರೆಯಿರಿ.

ನಿಮ್ಮ,
ಸಂಪಾದಕ