ಒಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ಐದು ತರಗತಿಗಳಿಗೆ ಒಟ್ಟಿಗೆ ಪಾಠ ಮಾಡುವುದು ಹೇಗೆ?

ಐದಕ್ಕೂ ಒಟ್ಟಿಗೆ ಪಾಠ ಮಾಡುವುದಿಲ್ಲ. ಒಂದು ಗುಂಪಿನ ಜೊತೆ ಕೂತು ಹೇಳಿಕೊಡುವಾಗ, ಉಳಿದ ಮಕ್ಕಳು ತಾವಾಗಿಯೇ ಮಾಡಬಲ್ಲ ಕೆಲಸದಲ್ಲಿ ತೊಡಗಿರುವಂತೆ ಶಿಕ್ಷಕರು ಮೊದಲೇ ಏರ್ಪಾಡು ಮಾಡಿಕೊಂಡಿರುತ್ತಾರೆ.

ಇದು ಸಾಧ್ಯ ಏಕೆಂದರೆ, ಕಲಿಕೆಯ ಎಲ್ಲ ಹಂತದಲ್ಲೂ ಶಿಕ್ಷಕರು ಪಕ್ಕದಲ್ಲೇ ಇರಬೇಕಿಲ್ಲ. ದಶಕ ಸಹಿತ ಕೂಡುವ ಲೆಕ್ಕವನ್ನು ಮೊದಲ ಸಲ ಅರ್ಥ ಮಾಡಿಸಲು ಅವರು ಬೇಕೇ ಬೇಕು. ಅದು ತಲೆಗೆ ಹತ್ತಿದ ಮೇಲೆ ಬೇಕಾದದ್ದು ಅಭ್ಯಾಸ. ಅದಕ್ಕೆ ಸ್ಲೇಟು, ಲೆಕ್ಕ ಬರೆದ ಕಾರ್ಡು, ತಪ್ಪಿದರೆ ತಿದ್ದಲು ಪಕ್ಕದಲ್ಲೊಂದು ದೊಡ್ಡ ಮಗು ಇದ್ದರೆ ಸಾಕು.

ನಿಜವಾದ ಕಷ್ಟ ಒಂದನೇ ತರಗತಿಯದು. ಓದಲು ಬಾರದ ಮಗುವಿಗೆ ಪುಸ್ತಕ ಕೊಟ್ಟು ಕೂರಿಸಲಾಗುವುದಿಲ್ಲ. ಹೀಗಾಗಿ ಶಿಕ್ಷಕರ ಸಮಯದ ದೊಡ್ಡ ಪಾಲು ಚಿಕ್ಕವರಿಗೇ ಸಿಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಓದು ಒಮ್ಮೆ ಕೈಹಿಡಿದರೆ ಮುಂದಿನ ನಾಲ್ಕು ವರ್ಷ ಆ ಮಗು ತನ್ನ ಪಾಡಿಗೆ ತಾನು ಕಲಿಯಬಲ್ಲದು.

ಮಕ್ಕಳೇ ಮಕ್ಕಳಿಗೆ ಹೇಳಿಕೊಡುವುದು ಹೊಸದೇನಲ್ಲ. ಮದ್ರಾಸಿನಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್, ಹಿರಿಯ ಮಕ್ಕಳಿಂದ ಕಿರಿಯರಿಗೆ ಕಲಿಸುವ ಕ್ರಮವನ್ನು ಅಲ್ಲಿ ರೂಢಿಸಿ, 1797ರಲ್ಲಿ ಅದರ ವಿವರ ಪ್ರಕಟಿಸಿದರು.

ಹೊರಗಿನವರಿಗೆ ಕಾಣದಿರುವುದು ಸಂಜೆಯ ದುಡಿಮೆ. ಮರುದಿನ ಯಾವ ಗುಂಪಿಗೆ ಯಾವ ಹೊತ್ತಿನಲ್ಲಿ ಏನು ಎಂದು ಐದು ತರಗತಿಗೂ ಬೇರೆ ಬೇರೆ ಕೆಲಸ ಸಿದ್ಧಪಡಿಸಬೇಕು. ಅದು ತಪ್ಪಿದ ದಿನ ನಾಲ್ಕು ಗುಂಪುಗಳು ಸುಮ್ಮನೆ ಕೂತಿರುತ್ತವೆ.