ತೊಗರಿ ಹೊಲ ಮಾರಿ ಕಣ್ಣಿಗೆ ಕೋಶ ಹಾಕಿಸಬೇಕೆ?

ಪ್ರಶ್ನೆ: ಡಾಕ್ಟರ್ ಮೇಡಂ, ನಮ್ಮ ತಂದೆಯವರಿಗೆ 74 ವರ್ಷ, ನಿವೃತ್ತ ಶಿಕ್ಷಕರು. ಎದುರಿಗೆ ನಿಂತವರ ಮುಖ ಗೊತ್ತಾಗುವುದಿಲ್ಲ, ಪತ್ರಿಕೆ ಓದಲಾಗುವುದಿಲ್ಲ. ಎರಡೂ ಕಣ್ಣಿನಲ್ಲಿ ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಸವೆತ, ಒಣ ಬಗೆಯದು ಎಂದು ವೈದ್ಯರು ಹೇಳಿದ್ದಾರೆ. ದೊಡ್ಡ ಊರಿನ ಕ್ಲಿನಿಕ್ ಒಂದರವರು ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ತೆಗೆದು ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚುತ್ತೇವೆ, ನಾಲ್ಕು ಲಕ್ಷ ಆಗುತ್ತದೆ ಎನ್ನುತ್ತಿದ್ದಾರೆ. ಎರಡು ಎಕರೆ ತೊಗರಿ ಹೊಲ ಮಾರಿಯಾದರೂ ಮಾಡಿಸೋಣವೆ?
— ಓದುಗರೊಬ್ಬರು, ಆಳಂದ ತಾಲ್ಲೂಕು

ಉತ್ತರ: ಹೊಲ ಮಾರಬೇಡಿ. ಪುಕ್ಕಟೆ ಚುಚ್ಚುತ್ತೇವೆಂದರೂ ತಂದೆಯವರನ್ನು ಅಲ್ಲಿಗೆ ಕರೆದೊಯ್ಯಬೇಡಿ. ಅಮೆರಿಕದ ಫ್ಲಾರಿಡಾದಲ್ಲಿ ಹೀಗೆಯೇ ಎರಡೂ ಕಣ್ಣಿಗೆ ಕೊಬ್ಬಿನ ಕೋಶ ಚುಚ್ಚಿಸಿಕೊಂಡ ಮೂವರು ಮಹಿಳೆಯರು ಇದ್ದಬದ್ದ ದೃಷ್ಟಿಯನ್ನೂ ಕಳೆದುಕೊಂಡರು. 2017ರಲ್ಲಿ ಆ ವರದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಏಕೆಂದರೆ ನನ್ನ ತಾಯಿಗೂ ಇದೇ ಕಾಯಿಲೆ. ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವರು ಬೇಳೆ ಹಸನು ಮಾಡುವಾಗ ಮೊರದ ಅಂಚಿನ ಹರಳು ಸಿಗುತ್ತಿತ್ತು, ನಡುವಿನದು ತಪ್ಪುತ್ತಿತ್ತು. ನೇರ ಕಣ್ಣು ನೆಟ್ಟರೆ ಹರಳು ಮಾಯ. ಮುಖ ತುಸು ಓರೆ ಮಾಡಿದರೆ ಮತ್ತೆ ಅಲ್ಲೇ ಇರುತ್ತಿತ್ತು.

ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಟ್ಟನಡುವಿನ ಜಾಗವೇ ಮ್ಯಾಕ್ಯುಲಾ. ಬೆಳಕು ಹಿಡಿಯುವ ಕೋಶಗಳ ಕೆಳಗೆ ಕಪ್ಪು ಕೋಶಗಳ ಒಂದೇ ಒಂದು ಪದರವಿದೆ. ಮೇಲಿನವಕ್ಕೆ ಉಣಿಸುವುದೂ ಅದೇ, ಅವುಗಳ ಕಸ ಬಳಿಯುವುದೂ ಅದೇ. ಅದು ಸತ್ತರೆ ಮೇಲಿನವೂ ಸಾಯುತ್ತವೆ. ನಿಜವಾದ ಕೋಶ ಕಸಿ ಎಂದರೆ ಆ ಪದರವನ್ನು ಹೊಸದಾಗಿ ಹಾಸುವುದು. ಕಣ್ಣಿನೊಳಗಿನ ಲೋಳೆ ತೆಗೆದು, ದ್ರವ ಬಿಟ್ಟು ರೆಟಿನಾವನ್ನು ಮೆಲ್ಲಗೆ ಎಬ್ಬಿಸಿ, ಸಣ್ಣ ಸೀಳಿನಿಂದ, ಸ್ಟೆಮ್ ಸೆಲ್‌ನಿಂದ ಬೆಳೆಸಿದ ಕೋಶಗಳ ಹಾಳೆಯನ್ನು ಕೆಳಗೆ ಸರಿಸಬೇಕು. ಲಂಡನ್ನಿನಲ್ಲಿ ಹಾಕಿದ ಹಾಳೆ 6 ಮಿ.ಮೀ. ಉದ್ದ, 3 ಮಿ.ಮೀ. ಅಗಲ, ಅಕ್ಕಿಕಾಳಿಗಿಂತ ತುಸು ಅಗಲವಷ್ಟೆ. ಅಲ್ಲಿಯ ಇಬ್ಬರು ರೋಗಿಗಳಲ್ಲಿ ಒಬ್ಬರು ವರ್ಷದ ನಂತರ ನಿಮಿಷಕ್ಕೆ 80ಕ್ಕೂ ಹೆಚ್ಚು ಪದ ಓದಿದರೆಂದು 2018ರಲ್ಲಿ ಪ್ರಕಟವಾಯಿತು. ಆದರೆ ಅವರದು ರಕ್ತನಾಳ ಸೋರುವ ಹಸಿ ಬಗೆ, ದೃಷ್ಟಿ ಹೋಗಿ ಹೆಚ್ಚು ದಿನವೂ ಆಗಿರಲಿಲ್ಲ. ಜಪಾನಿನ ಕೋಬೆಯಲ್ಲಿ 2014ರಲ್ಲಿ ಮಸಾಯೊ ತಕಹಾಶಿಯವರ ತಂಡ ರೋಗಿಯ ಚರ್ಮದಿಂದಲೇ ಬೆಳೆಸಿದ ಹಾಳೆ ಹಾಕಿತು. ಒಂದು ವರ್ಷವಾದಾಗ ದೃಷ್ಟಿ ಏರಿರಲಿಲ್ಲ, ಇಳಿದಿರಲೂ ಇಲ್ಲ. ಒಣ ಬಗೆಗೆ ಅಮೆರಿಕದಲ್ಲಿ ರೋಗಿಯ ಸ್ವಂತ ಕೋಶದಿಂದ ಬೆಳೆಸಿದ ಹಾಳೆ ಹಾಕಿದ್ದು 2022ರಲ್ಲಿ. ನಮ್ಮ ಬೆಂಗಳೂರಿನ ಐಸ್ಟೆಮ್ ಸಂಸ್ಥೆಯೂ ಈ ಕೆಲಸದಲ್ಲಿದೆ. ನನಗೆ ಇದರ ಮೇಲೆ ನಿಜವಾದ ಆಸೆ ಇದೆ, ಆದರೆ ಎಲ್ಲವೂ ಇನ್ನೂ ಪ್ರಯೋಗವೇ. ಬೆಳಕಿನ ಕೋಶಗಳು ಪೂರ್ತಿ ಸತ್ತಿದ್ದರೆ ಕೆಳಗೆ ಹೊಸ ಪದರ ಹಾಸಿದರೂ ಓದು ಮರಳದು.

ಇಂಥ ಕೋಶಗಳನ್ನು ಪ್ರಯೋಗದ ಹೊರಗೆ ಕೊಡಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗದಲ್ಲಿ ರೋಗಿಯಿಂದ ಹಣ ಪಡೆಯುವಂತಿಲ್ಲ. ನಾಲ್ಕು ಲಕ್ಷ ಕೇಳಿದರಲ್ಲ, ಅದೊಂದೇ ಸಾಕು ನಿಮಗೆ ತಿಳಿಯಲು.

ಮೇಷ್ಟ್ರಿಗೆ ದೀಪವಿರುವ ಒಳ್ಳೆಯ ಭೂತಗನ್ನಡಿ ಕೊಡಿಸಿ, ಮೊಬೈಲ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಡಿ. ನನ್ನ ತಾಯಿ ಹಾಗೆಯೇ ಓದುತ್ತಾರೆ. ಮನೆಯಲ್ಲಿ ಮಕ್ಕಳ ಗಣಿತದ ಚೌಕಳಿ ಪುಸ್ತಕವಿದ್ದರೆ ಒಂದು ಹಾಳೆಯ ನಡುವೆ ಕಪ್ಪು ಚುಕ್ಕೆ ಇಡಿ. ಓದುವ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ, ದಿನವೂ ಅದನ್ನು ನೋಡಲಿ. ನೆಟ್ಟಗಿದ್ದ ಗೆರೆ ಹೊಸದಾಗಿ ಡೊಂಕು ಕಂಡರೆ ಒಣ ಬಗೆ ಹಸಿಗೆ ತಿರುಗಿ ರಕ್ತನಾಳ ಸೋರುತ್ತಿರಬಹುದು. ಅದಕ್ಕೆ ಸಾಬೀತಾದ ಚುಚ್ಚುಮದ್ದು ಇದೆ, ತಡವಾದರೆ ಫಲ ಕಡಿಮೆ. ಅಂದೇ ಕಲಬುರಗಿಯ ಬಸ್ ಹತ್ತಿಸಿಕೊಂಡು ಬನ್ನಿ.